ರಾತ್ರಿ ಬಾತುಕೊಳ್ಳುವ ಹೆಗಲು: ದಾವಣಗೆರೆಯ ಹಮಾಲರೊಬ್ಬರ ಪಿತ್ತಗಂಧೆ ಪ್ರಕರಣ

ಪಿತ್ತಗಂಧೆ ಯಾರಿಗೆ ಗೊತ್ತಿಲ್ಲ? ಮೈಮೇಲೆ ಕೆಂಪು ದದ್ದು ಏಳುತ್ತದೆ, ವಿಪರೀತ ತುರಿಸುತ್ತದೆ, ಕೆಲವು ತಾಸಿನಲ್ಲಿ ಗುರುತೇ ಇಲ್ಲದಂತೆ ಹೋಗುತ್ತದೆ. ಐದು ಜನರಲ್ಲಿ ಸುಮಾರು ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಬರುವ ತೊಂದರೆ ಇದು. ಆದರೆ ಇದರಲ್ಲೇ ಅಪರೂಪದ ಒಂದು ಬಗೆ ಇದೆ. ಅದು ತುರಿಸುವುದಕ್ಕಿಂತ ಜಾಸ್ತಿ ನೋಯುತ್ತದೆ. ಜ್ವರ ತರುತ್ತದೆ. ಕೀಲು ಹಿಡಿಯುತ್ತದೆ. ಎರಡು ಮೂರು ದಿನ ಇಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಾರಣ ನಡೆದು ಎಷ್ಟೋ ಹೊತ್ತಾದ ಮೇಲೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ರೋಗಿಯೂ ವೈದ್ಯರೂ ತಪ್ಪು ಜಾಗದಲ್ಲಿ ಹುಡುಕುತ್ತಾ ವರ್ಷಗಟ್ಟಲೆ ಕಳೆಯುತ್ತಾರೆ. ಅಂಥ ಒಂದು ಪ್ರಕರಣವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ರೋಗಿಯ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ ಮೂವತ್ತಾರು ವರ್ಷ. ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ ಕೆಲಸ. ಲಾರಿಯಿಂದ ಚೀಲ ಇಳಿಸುವುದು, ಗೋದಾಮಿನಲ್ಲಿ ಒಟ್ಟುವುದು, ಮತ್ತೆ ಲಾರಿಗೆ ಏರಿಸುವುದು. ನಮ್ಮ ಸುತ್ತಮುತ್ತ ಮೆಕ್ಕೆಜೋಳ ಎಷ್ಟು ಬೆಳೆಯುತ್ತಾರೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಯಾರ್ಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಮಾಲರಿಗೆ ವರ್ಷದ ದುಡಿಮೆಯ ದೊಡ್ಡ ಪಾಲು ಬರುವುದು ಆ ತಿಂಗಳುಗಳಲ್ಲೇ. ಇವರಿಗೆ ಕಾಯಿಲೆ ಜೋರಾಗುತ್ತಿದ್ದುದೂ ಅದೇ ತಿಂಗಳುಗಳಲ್ಲಿ.

ನನ್ನ ಹತ್ತಿರ ಬಂದಾಗ ತೊಂದರೆ ಶುರುವಾಗಿ ಎರಡು ವರ್ಷ ದಾಟಿತ್ತು. ದೀಪಾವಳಿ ಆಗಷ್ಟೇ ಮುಗಿದಿತ್ತು. ಬಲ ಹೆಗಲು, ಎರಡೂ ಅಂಗೈ, ಅಂಗಾಲು, ಸೊಂಟದ ಸುತ್ತ ಆಗಾಗ ದಪ್ಪಗೆ ಬಾತುಕೊಳ್ಳುತ್ತದೆ ಎಂದರು. ಮುಟ್ಟಿದರೆ ಬಿಸಿ, ಒತ್ತಿದರೆ ನೋವು. "ಹೊರುವಾಗ ಏನೂ ಆಗಲ್ಲ ಮೇಡಂ. ಮನಿಗೆ ಹೋಗಿ ಉಂಡು ಮಲಗಿದ ಮ್ಯಾಲೆ ಹೆಗಲು ಉರಿಯಾಕೆ ಹತ್ತತಿ" ಎಂದರು. ರಾತ್ರಿ ಚಳಿ ಬಂದು ಮೈ ಬೆಚ್ಚಗಾಗುತ್ತದೆ. ಬೆಳಿಗ್ಗೆ ಎದ್ದರೆ ಮುಷ್ಟಿ ಬಿಗಿಯಲು ಆಗುವುದಿಲ್ಲ. ಪಾದ ನೆಲಕ್ಕೆ ಊರಲು ಆಗುವುದಿಲ್ಲ. ಒಂದೆರಡು ದಿನ ಕೆಲಸ ತಪ್ಪುತ್ತದೆ. ಆಮೇಲೆ ಏನೂ ಆಗಿಯೇ ಇಲ್ಲವೇನೋ ಅನ್ನುವಂತೆ ಚರ್ಮ ಮೊದಲಿನ ಹಾಗೆ ಆಗುತ್ತದೆ.

ಇದೊಂದು ದೊಡ್ಡ ಕಷ್ಟ. ಅವರು ಆಸ್ಪತ್ರೆಗೆ ಬರುವ ಹೊತ್ತಿಗೆ ತೋರಿಸಲು ಮೈಮೇಲೆ ಏನೂ ಇರುತ್ತಿರಲಿಲ್ಲ. ಬಾವು ಇದ್ದಾಗ ನಡೆಯಲು ಆಗದೆ ಮನೆಯಲ್ಲಿ ಮಲಗಿರುತ್ತಿದ್ದರು. ನಡೆಯುವಂತಾದಾಗ ಬಾವು ಹೋಗಿರುತ್ತಿತ್ತು. ಯಾರ್ಡಿನಲ್ಲಿ ಕೆಲವರು ಸೋಮಾರಿತನಕ್ಕೆ ನೆಪ ಅಂದಿದ್ದರಂತೆ. ಆ ಮಾತು ಅವರಿಗೆ ಬಾವಿಗಿಂತ ಜಾಸ್ತಿ ನೋವು ಕೊಟ್ಟಿತ್ತು. ಅದನ್ನು ಹೇಳುವಾಗ ತಲೆ ಎತ್ತಲಿಲ್ಲ.

ಎರಡು ವರ್ಷದಲ್ಲಿ ಏನೇನು ಆಗಿತ್ತು ನೋಡಿ. ಮೊದಲು ಮನೆಮದ್ದು. ದೊಡ್ಡಪತ್ರೆ ಎಲೆ ಅರೆದು ಹಚ್ಚಿದರು, ರಸ ಕುಡಿಸಿದರು. ಅತ್ತೆಮನೆಯವರು ಚಳ್ಳಕೆರೆಯ ಕಡೆಯವರು, ಅಲ್ಲಿಂದ ಬಂದ ಕರಿ ಕಂಬಳಿಯಿಂದ ಮೈ ಉಜ್ಜಿದರು. ಪಿತ್ತಗಂಧೆಗೆ ನಮ್ಮ ಕಡೆ ಇದು ಹಳೇ ರೂಢಿ. ಆಮೇಲೆ ಪಥ್ಯ. ಬದನೆಕಾಯಿ ಬಿಟ್ಟರು, ಮೊಟ್ಟೆ ಬಿಟ್ಟರು, ಶೇಂಗಾ ಬಿಟ್ಟರು, ಕೊನೆಗೆ ಮಾಂಸವನ್ನೂ ಬಿಟ್ಟರು. ದಿನವಿಡೀ ಹೊರೆ ಹೊರುವ ಮನುಷ್ಯ ಅನ್ನ, ತಿಳಿಸಾರು, ರೊಟ್ಟಿಯಲ್ಲಿ ದಿನ ದೂಡುತ್ತಿದ್ದರು. ಯಾರೋ ಹೇಳಿದರೆಂದು ರಕ್ತದ ಅಲರ್ಜಿ ಪಟ್ಟಿ ಪರೀಕ್ಷೆ ಮಾಡಿಸಿದ್ದರು. ವಾರದ ದುಡಿಮೆಗಿಂತ ಜಾಸ್ತಿ ಖರ್ಚಾಗಿತ್ತು. ಅದರಲ್ಲಿ ಧೂಳಿನ ಹುಳ, ಸೀಗಡಿ ಅಂತೆಲ್ಲ ಬಂದಿತ್ತು. ಸೀಗಡಿಯನ್ನು ಅವರು ಜೀವನದಲ್ಲೇ ತಿಂದಿರಲಿಲ್ಲ.

ಪಾದ ಬಾತಾಗ ಒಂದು ಕಡೆ ಗೌಟ್ ಎಂಬ ಕೀಲುಬಾವು ಇರಬಹುದೆಂದು ರಕ್ತದಲ್ಲಿ ಯೂರಿಕ್ ಆಮ್ಲ ನೋಡಿದ್ದರು, ಸರಿಯಾಗಿಯೇ ಇತ್ತು. ಹೆಗಲು ಕೆಂಪಾಗಿ ಜ್ವರ ಬಂದಾಗ ಇನ್ನೊಂದು ಕಡೆ ಚರ್ಮದ ಸೋಂಕು ಎಂದು ಆ್ಯಂಟಿಬಯಾಟಿಕ್ ಕೊಟ್ಟಿದ್ದರು. ಎರಡು ದಿನದಲ್ಲಿ ಇಳಿದಿತ್ತು. ಔಷಧಿಯಿಂದಲೇ ಇಳಿಯಿತು ಅಂತ ಎಲ್ಲರೂ ನಂಬಿದ್ದರು. ತಾನಾಗೇ ಇಳಿಯುವ ಕಾಯಿಲೆಯಲ್ಲಿ ಕೊನೆಗೆ ಕೊಟ್ಟ ಔಷಧಿಗೇ ಹೆಸರು ಬರುತ್ತದೆ, ಅಲ್ವಾ? ನೋವಿಗೆ ಡೈಕ್ಲೋಫೆನಾಕ್ ನುಂಗುತ್ತಿದ್ದರು. ಸೀಸನ್ ಜೋರಿದ್ದಾಗ ಔಷಧಿ ಅಂಗಡಿಯಿಂದ ಚೀಟಿ ಇಲ್ಲದೆ ಸ್ಟೆರಾಯ್ಡ್ ಮಾತ್ರೆ ತರುತ್ತಿದ್ದರು. ಅದು ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಕೆಲಸ ಮಾಡುತ್ತದೆ ಅನ್ನುವುದೇ ಅದರ ಅಪಾಯ.

ನಾನು ಕಾಣುವ ಹೊತ್ತಿಗೆ ಎಲ್ಲರೂ ಒಪ್ಪಿಕೊಂಡಿದ್ದ ಒಂದು ಕಾರಣ ಇತ್ತು: ಮೆಕ್ಕೆಜೋಳದ ಧೂಳು. ಜೋಳ ಬಂದಾಗ ಕಾಯಿಲೆ ಬರುತ್ತದೆ, ಜೋಳ ಹೋದಾಗ ಕಾಯಿಲೆ ಹೋಗುತ್ತದೆ. ಇದಕ್ಕಿಂತ ಸಾಕ್ಷಿ ಬೇಕೆ? ಕೇಳಿದರೆ ಯಾರಿಗಾದರೂ ಸರಿ ಅನ್ನಿಸುತ್ತದೆ. ಆದರೆ ಬಾವು ಏಳುವ ಜಾಗಗಳು ಈ ಮಾತಿಗೆ ಒಪ್ಪುವುದಿಲ್ಲ. ಧೂಳು ಮೊದಲು ಕೂರುವುದು ಮುಖ, ಕತ್ತು, ಮೊಣಕೈಗಳ ಮೇಲೆ. ಅವೆಲ್ಲ ಶುದ್ಧವಾಗಿದ್ದವು. ಬಾವು ಬರುತ್ತಿದ್ದದ್ದು ಚೀಲ ಕೂರುವ ಹೆಗಲಿಗೆ, ಕೊಕ್ಕೆ ಹಿಡಿಯುವ ಅಂಗೈಗೆ, ಹಲಗೆಯ ಮೇಲೆ ಭಾರ ಹೊತ್ತು ಹತ್ತುವ ಅಂಗಾಲಿಗೆ. ಸೊಂಟದಲ್ಲಿ ಉಡಿದಾರದ ಗೆರೆಯಗುಂಟ. ಬೈಕಿನಲ್ಲಿ ದೂರ ಹೋದ ದಿನ ಪೃಷ್ಠಕ್ಕೆ. ಮೈಮೇಲೆ ಒತ್ತಡ ಬಿದ್ದ ಜಾಗಗಳ ನಕ್ಷೆ ಬರೆದರೆ ಅದೇ ಬಾವಿನ ನಕ್ಷೆ.

ಏನು ತಿಂದಿರಿ ಎಂದು ಅವರನ್ನು ಎಲ್ಲರೂ ಕೇಳಿದ್ದರು. ಬಾವು ಬರುವುದಕ್ಕೆ ಆರು ತಾಸಿನ ಹಿಂದೆ ಏನು ಮಾಡುತ್ತಿದ್ದಿರಿ ಎಂದು ಯಾರೂ ಕೇಳಿರಲಿಲ್ಲ. ಈ ಕಾಯಿಲೆಯಲ್ಲಿ ಕೇಳಬೇಕಾದ್ದು ಈ ಎರಡನೆಯ ಪ್ರಶ್ನೆ. ಆದರೆ ನೆನಪಿನ ಮೇಲೆ ಉತ್ತರ ಹೇಳುವುದು ಕಷ್ಟ. ಅದಕ್ಕೆ ಅವರ ಹೆಂಡತಿಗೆ ಒಂದು ಕೆಲಸ ಒಪ್ಪಿಸಿದೆ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಅವರು ಮೂರು ಗೆರೆ ಹಾಕಿಕೊಂಡರು. ಯಾವಾಗ ಹೊರೆ ಹೊತ್ತರು, ಯಾವಾಗ ಬಾವು ಶುರುವಾಯಿತು, ಯಾವಾಗ ಇಳಿಯಿತು. ಬಾವು ಎದ್ದಾಗ ಮೊಬೈಲಿನಲ್ಲಿ ಫೋಟೊ ತೆಗೆದರು. ಆ ತಾಯಿ ಓದಿದ್ದು ಏಳನೇ ತರಗತಿ. ಅವರು ಬರೆದು ತಂದ ಪಟ್ಟಿಯಷ್ಟು ಸ್ಪಷ್ಟವಾದ ದಾಖಲೆಯನ್ನು ನಾನು ದೊಡ್ಡ ಫೈಲುಗಳಲ್ಲೂ ಅಪರೂಪಕ್ಕೆ ನೋಡಿದ್ದೇನೆ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಹೊತ್ತ ದಿನ ಸಂಜೆ ಐದರ ಮೇಲೆ ಹೆಗಲು ಬಿಗಿಯುತ್ತಿತ್ತು, ರಾತ್ರಿ ಹತ್ತಕ್ಕೆ ಪೂರ್ತಿ ಬಾತಿರುತ್ತಿತ್ತು. ಇಳಿಯಲು ಒಂದೂವರೆಯಿಂದ ಎರಡೂವರೆ ದಿನ. ಯಾರ್ಡಿಗೆ ರಜೆ ಇದ್ದು ಹೊರೆ ಮುಟ್ಟದ ದಿನ, ಧೂಳಿನಲ್ಲೇ ಕೂತು ಹಮಾಲರ ಜೊತೆ ಮಾತಾಡಿ ಬಂದರೂ ಏನೂ ಇಲ್ಲ.

ಇದು ಒತ್ತಡದಿಂದ ತಡವಾಗಿ ಏಳುವ ಪಿತ್ತಗಂಧೆ. ವೈದ್ಯರು ಡಿಲೇಡ್ ಪ್ರೆಶರ್ ಅರ್ಟಿಕೇರಿಯಾ ಅನ್ನುತ್ತಾರೆ. ಸಾಮಾನ್ಯವಾಗಿ ಒತ್ತಡ ಬಿದ್ದ ನಾಲ್ಕರಿಂದ ಆರು ತಾಸಿಗೆ ಶುರುವಾಗುತ್ತದೆ. ಕೆಲವರಲ್ಲಿ ಅರ್ಧ ತಾಸಿಗೇ ಬರಬಹುದು, ಕೆಲವರಲ್ಲಿ ಹನ್ನೆರಡು ತಾಸು ಹಿಡಿಯಬಹುದು. ಇಳಿಯಲು ಮೂರು ದಿನದವರೆಗೆ ಬೇಕಾಗುತ್ತದೆ.

ಅನುಮಾನ ಇದ್ದರೆ ಸಾಲದು, ಪರೀಕ್ಷೆ ಮಾಡಿ ನೋಡಬೇಕು. ಅದು ತುಂಬಾ ಸರಳ. ಮೂರು ದಿನ ಅಲರ್ಜಿ ಮಾತ್ರೆ ನಿಲ್ಲಿಸಲು ಹೇಳಿದೆ. ಮೂರು ಸೆಂಟಿಮೀಟರ್ ಅಗಲದ ಪಟ್ಟಿಗೆ ಏಳು ಕೆಜಿ ತೂಕ ಕಟ್ಟಿ, ಬಾವು ಕಡಿಮೆ ಬರುತ್ತಿದ್ದ ಎಡ ಹೆಗಲಿಗೆ ಹದಿನೈದು ನಿಮಿಷ ತೂಗುಹಾಕಿದೆವು. ಅರವತ್ತು ಕೆಜಿ ಹೊರುವ ಮನುಷ್ಯನಿಗೆ ಏಳು ಕೆಜಿ ಲೆಕ್ಕವೇ ಅಲ್ಲ. ಆದರೆ ಪಟ್ಟಿ ಸಣ್ಣದು, ಎಲ್ಲ ಭಾರ ಅಷ್ಟೇ ಅಗಲದ ಚರ್ಮದ ಮೇಲೆ ಬೀಳುತ್ತದೆ. ತೆಗೆದಾಗ ತೆಳುವಾದ ಕೆಂಪು ಗುರುತಿತ್ತು, ಅರ್ಧ ತಾಸಿನಲ್ಲಿ ಅಳಿಸಿತು. ಅದೇ ಹೊತ್ತಿಗೆ ಬೆನ್ನಿನ ಮೇಲೆ ಪೆನ್ನಿನ ಹಿಂಬದಿಯಿಂದ ಗೆರೆ ಎಳೆದೆ. ಗೀರಿದ ಕೂಡಲೇ ಗೆರೆ ಉಬ್ಬುವ ಇನ್ನೊಂದು ಬಗೆಯ ಪಿತ್ತಗಂಧೆ ಇದೆ, ಅದು ಹತ್ತು ನಿಮಿಷದೊಳಗೆ ಗೊತ್ತಾಗುತ್ತದೆ. ಇವರಿಗೆ ಉಬ್ಬಲಿಲ್ಲ. ಮನೆಗೆ ಹೋಗಿ ಆರು ತಾಸು ಬಿಟ್ಟು ಬನ್ನಿ ಎಂದೆ. ಸಂಜೆ ಅಂಗಿ ತೆಗೆದಾಗ ಪಟ್ಟಿ ಇದ್ದ ಜಾಗದಲ್ಲಿ ಅಂಗೈ ಅಗಲದ ಕೆಂಪು ಬಾವು. ಬಿಸಿ, ಗಟ್ಟಿ, ಮುಟ್ಟಿದರೆ ಹಿಂದೆ ಸರಿಯುವಷ್ಟು ನೋವು. "ಇಲ್ಲಿಗೆ ಯಾವತ್ತೂ ಜೋಳ ತಾಗಿಲ್ಲ ಮೇಡಂ" ಎಂದು ಅವರೇ ಹೇಳಿದರು.

ಆ ಸಂಜೆಯೇ ಬಾವಿನಿಂದ ಚರ್ಮದ ಚೂರೊಂದನ್ನು ಬಯಾಪ್ಸಿಗೆ ಕಳಿಸಿದೆ. ಎಲ್ಲ ಪಿತ್ತಗಂಧೆಗೂ ಬಯಾಪ್ಸಿ ಬೇಕಿಲ್ಲ. ಆದರೆ ಒಂದು ದಿನ ದಾಟಿಯೂ ಉಳಿಯುವ, ನೋಯುವ, ಜ್ವರ ತರುವ ದದ್ದು ಕಂಡರೆ ರಕ್ತನಾಳವೇ ಉರಿಯುವ ಕಾಯಿಲೆ ನೆನಪಿಗೆ ಬರಬೇಕು. ಅದನ್ನು ಅರ್ಟಿಕೇರಿಯಲ್ ವ್ಯಾಸ್ಕುಲೈಟಿಸ್ ಅನ್ನುತ್ತಾರೆ. ಅದರಲ್ಲಿ ದದ್ದು ಇಳಿದ ಮೇಲೆ ಕಂದು ಕಲೆ ಉಳಿಯಬಹುದು. ಮೂತ್ರಪಿಂಡಕ್ಕೂ ತಾಗಬಹುದು, ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಲೂಪಸ್ ಎಂಬ ಕಾಯಿಲೆಯ ಜೊತೆ ನಂಟಿರಬಹುದು. ಇವರಿಗೆ ಕಲೆ ಉಳಿಯುತ್ತಿರಲಿಲ್ಲ, ಬಾವು ಒತ್ತಡದ ಜಾಗ ಬಿಟ್ಟು ಹೋಗುತ್ತಿರಲಿಲ್ಲ. ಆದರೂ ನೋಡದೆ ಬಿಡುವ ಹಾಗಿಲ್ಲ.

ವರದಿ ಬಂತು. ರಕ್ತನಾಳದ ಗೋಡೆ ಚೆನ್ನಾಗಿತ್ತು. ಚರ್ಮದ ಆಳದ ಪದರದಲ್ಲಿ, ಅದರ ಕೆಳಗಿನ ಕೊಬ್ಬಿನ ತನಕ ನೀರು ತುಂಬಿ ಬಾವು. ನಡುವೆ ಇಯೊಸಿನೊಫಿಲ್ ಮತ್ತು ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳ ಗುಂಪು. ರಕ್ತದಲ್ಲಿ ಬಿಳಿಕಣ 11,800, ಇಎಸ್‌ಆರ್ 42, ಸಿಆರ್‌ಪಿ 18. ಮೈಯಲ್ಲಿ ಉರಿಯೂತ ಇದ್ದಾಗ ಏರುವ ಅಳತೆಗಳಿವು, ಮೂರೂ ಏರಿದ್ದವು. ರೋಗನಿರೋಧಕ ವ್ಯವಸ್ಥೆಯ ಸಿ3, ಸಿ4 ಎಂಬ ಪೂರಕ ಪ್ರೋಟೀನುಗಳು ಸರಿ. ಲೂಪಸ್ ಹುಡುಕುವ ಎಎನ್‌ಎ ನೆಗೆಟಿವ್. ಮೂತ್ರ, ಥೈರಾಯ್ಡ್ ಸರಿ.

ಈಗ ಉರಿಯೂತದ ವಿಷಯಕ್ಕೆ ಬರುತ್ತೇನೆ. ಈ ಪ್ರಕರಣದ ತಿರುಳೇ ಇದು. ಪಿತ್ತಗಂಧೆ ಅಂದರೆ ದದ್ದು, ತುರಿಕೆ ಎಬ್ಬಿಸುವ ಹಿಸ್ಟಮಿನ್ ಎಂಬ ರಾಸಾಯನಿಕ, ಅದನ್ನು ತಡೆಯುವ ಒಂದು ಮಾತ್ರೆ ನುಂಗಿದರೆ ಮುಗಿಯಿತು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಇಲ್ಲಿ ಅಷ್ಟಕ್ಕೆ ಮುಗಿಯುವುದಿಲ್ಲ.

ಚರ್ಮದಲ್ಲಿ ಸಣ್ಣ ರಕ್ತನಾಳಗಳ ಪಕ್ಕದಲ್ಲಿ ಮಾಸ್ಟ್ ಕೋಶಗಳಿರುತ್ತವೆ. 1878ರಲ್ಲಿ ಪಾಲ್ ಎರ್ಲಿಕ್ ಇವುಗಳಿಗೆ ಹೆಸರಿಟ್ಟರು. ರೋಗಿಗೆ ನಾನು ಹೇಳಿದ್ದು ಹೀಗೆ: ಈ ಕೋಶ ನಿಮ್ಮ ಗೋದಾಮಿದ್ದಂತೆ. ಒಳಗೆ ಹಿಸ್ಟಮಿನ್ ತುಂಬಿದ ಚೀಲಗಳು ಸಿದ್ಧವಾಗಿರುತ್ತವೆ. ಬಾಗಿಲು ತೆಗೆದರೆ ನಿಮಿಷಗಳಲ್ಲಿ ಮಾಲು ಹೊರಗೆ ಬರುತ್ತದೆ. ಮಾಮೂಲಿ ಪಿತ್ತಗಂಧೆ ಬೇಗ ಬಂದು ಬೇಗ ಹೋಗುವುದು ಅದಕ್ಕೇ. ಆದರೆ ಕೆಲವು ಮಾಲು ದಾಸ್ತಾನಿನಲ್ಲಿ ಇರುವುದೇ ಇಲ್ಲ ಅಥವಾ ಕಡಿಮೆ ಇರುತ್ತದೆ. ಆರ್ಡರ್ ಬಂದ ಮೇಲೆ ತಯಾರಿಸಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ.

ಹಾಗೆ ಹೊಸದಾಗಿ ತಯಾರಾಗುವವು, ಕೋಶದಿಂದ ಕೋಶಕ್ಕೆ ಸುದ್ದಿ ಒಯ್ಯುವ ಸೈಟೊಕೈನ್‌ಗಳು. ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಆಲ್ಫಾ ಮುಂತಾದವು. ಇವು ಪಕ್ಕದ ರಕ್ತನಾಳದ ಒಳಗೋಡೆಯನ್ನು ಬದಲಿಸುತ್ತವೆ. ಗೋಡೆಯ ಮೇಲೆ ಅಂಟುವ ಅಣುಗಳು ಏಳುತ್ತವೆ. ರಕ್ತದಲ್ಲಿ ಸುಮ್ನೆ ಹರಿದು ಹೋಗುತ್ತಿದ್ದ ನ್ಯೂಟ್ರೊಫಿಲ್, ಇಯೊಸಿನೊಫಿಲ್‌ಗಳು ಅಲ್ಲಿ ಅಂಟಿಕೊಂಡು, ಗೋಡೆ ದಾಟಿ ಚರ್ಮದ ಆಳಕ್ಕೆ ಇಳಿಯುತ್ತವೆ. ಇಯೊಸಿನೊಫಿಲ್‌ಗಳು ತಮ್ಮಲ್ಲಿರುವ ಕಟುವಾದ ಪ್ರೋಟೀನುಗಳನ್ನು ಅಲ್ಲಿ ಸುರಿಯುತ್ತವೆ. ಬಾವು ಇನ್ನಷ್ಟು ಏರುತ್ತದೆ. ಬಯಾಪ್ಸಿಯಲ್ಲಿ ಕಂಡ ಗುಂಪು ಇದೇ. ಇಷ್ಟೆಲ್ಲ ನಡೆಯಲು ತಾಸುಗಳು ಬೇಕು. ಬಂದ ಕಣಗಳು ಕರಗಿ ಹೋಗಲು ದಿನಗಳು ಬೇಕು. ತಡವಾಗಿ ಬರುವುದು, ತಡವಾಗಿ ಹೋಗುವುದು ಎರಡಕ್ಕೂ ಇದರಲ್ಲೇ ಉತ್ತರ ಇದೆ.

ಇಂಟರ್‌ಲ್ಯೂಕಿನ್-6 ಚರ್ಮದಲ್ಲೇ ನಿಲ್ಲುವುದಿಲ್ಲ. ರಕ್ತಕ್ಕೆ ಸೇರಿ ಯಕೃತ್ತಿಗೆ ಹೋಗಿ ಸಿಆರ್‌ಪಿ ತಯಾರಿಸಲು ಹೇಳುತ್ತದೆ. ಮೆದುಳಿಗೆ ಹೋಗಿ ಜ್ವರ ತರಿಸುತ್ತದೆ. ರಾತ್ರಿಯ ಚಳಿ, ಮೈಕೈ ನೋವು, ಕೀಲು ಹಿಡಿತ, ಏರಿದ ಇಎಸ್‌ಆರ್ ಎಲ್ಲ ಈ ಕಡೆಯಿಂದ ಬಂದವು. ಸೋಂಕು ಇಲ್ಲದೆಯೂ ಜ್ವರ ಬರುತ್ತದೆ ಅನ್ನುವುದನ್ನು ಅವರ ಮನೆಯವರಿಗೆ ಅರ್ಥ ಮಾಡಿಸಲು ನಾನು ತುಂಬಾ ಹೊತ್ತು ಕೂತೆ. ಯಾಕೆಂದರೆ ಜ್ವರ, ಕೆಂಪು, ಬಾವು ಮೂರೂ ಸೇರಿದರೆ ಯಾರಾದರೂ ಆ್ಯಂಟಿಬಯಾಟಿಕ್ ಕೊಟ್ಟುಬಿಡುತ್ತಾರೆ. ಒಂದೇ ಸಲ ಎರಡೂ ಅಂಗೈ, ಎರಡೂ ಅಂಗಾಲು ಬಾತು, ಮೂರನೇ ದಿನಕ್ಕೆ ಗುರುತಿಲ್ಲದೆ ಹೋಗಿ, ಮುಂದಿನ ವಾರ ಮತ್ತೆ ಬರುವ ಸೋಂಕು ಇರುವುದಿಲ್ಲ.

ಬಾವು ಆಳದಲ್ಲಿರುವುದರಿಂದ ತುರಿಕೆಗಿಂತ ಉರಿ, ನೋವು ಜಾಸ್ತಿ. ಅಂಗೈ ಅಂಗಾಲಿನಲ್ಲಿ ಚರ್ಮ ದಪ್ಪ, ಕೆಳಗೆ ಬಿಗಿಯಾಗಿ ಅಂಟಿರುತ್ತದೆ, ಹಿಗ್ಗಲು ಜಾಗ ಇಲ್ಲ. ಅಲ್ಲಿ ನೋವು ಇನ್ನೂ ಹೆಚ್ಚು.

ಹಾಗಾದರೆ ಕಾರಣ ಏನು? ಒತ್ತಡ ಕಿಡಿ ಹಚ್ಚುತ್ತದೆ, ಅಷ್ಟು ನಿಜ. ಅದೇ ಯಾರ್ಡಿನಲ್ಲಿ ನೂರಾರು ಜನ ಅಷ್ಟೇ ಭಾರ ಹೊರುತ್ತಾರೆ, ಅವರಿಗೆ ಏನೂ ಆಗುವುದಿಲ್ಲ. ಇವರ ಮಾಸ್ಟ್ ಕೋಶಗಳು ಅಷ್ಟು ಬೇಗ ಕೆರಳುವ ಸ್ಥಿತಿಯಲ್ಲಿವೆ. ಈ ಕಾಯಿಲೆಗೆ ನಿರ್ದಿಷ್ಟವಾದ ಒಂದು ತಿನಿಸಾಗಲಿ, ಧೂಳಾಗಲಿ ಕಾರಣ ಎಂದು ತೋರಿಲ್ಲ. ಬಹಳ ಜನರಲ್ಲಿ ಇದರ ಜೊತೆಗೆ ಕಾರಣವಿಲ್ಲದೆ ಏಳುವ ದೀರ್ಘಕಾಲದ ಪಿತ್ತಗಂಧೆಯೂ ಇರುತ್ತದೆ. ಅಂದರೆ ಆರು ವಾರಕ್ಕಿಂತ ಹೆಚ್ಚು ಕಾಲ ಬಂದು ಹೋಗುತ್ತಿರುವುದು. ಅದರಲ್ಲಿ ಎಷ್ಟೋ ಜನರ ದೇಹ ತನ್ನದೇ ಮಾಸ್ಟ್ ಕೋಶವನ್ನು ಕೆರಳಿಸುವ ಪ್ರತಿಕಾಯ ತಯಾರಿಸುತ್ತಿರುತ್ತದೆ. ಇವರಿಗೂ ಆಗಾಗ ತೊಡೆ, ಹೊಟ್ಟೆ ಮೇಲೆ ತುರಿಸುವ ಸಣ್ಣ ಗಂಧೆ ಏಳುತ್ತಿತ್ತು. ಕೇಳಿದ ಮೇಲೆ ಹೇಳಿದರು. ಅದು ದೊಡ್ಡ ತೊಂದರೆ ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲ.

ಹೆಂಡತಿ ಕೇಳಿದ ಪ್ರಶ್ನೆ ಬೇರೆ. ಇದು ಮಕ್ಕಳಿಗೆ ಅಂಟುತ್ತದೆಯೇ? ರಕ್ತ ಕೆಟ್ಟಿದೆಯೇ? ಅಂಟುವುದಿಲ್ಲ, ರಕ್ತ ಕೆಟ್ಟಿಲ್ಲ ಎಂದೆ. ಎರಡು ವರ್ಷದಿಂದ ಅವರ ತಟ್ಟೆ, ಹಾಸಿಗೆ ಬೇರೆ ಇಟ್ಟಿದ್ದರಂತೆ. ಸಣ್ಣ ಮಗಳನ್ನು ತೊಡೆ ಮೇಲೆ ಕೂರಿಸಿಕೊಳ್ಳುವುದನ್ನೂ ಬಿಟ್ಟಿದ್ದರು. ಆ ದಿನ ನಾನು ಕೊಟ್ಟ ಔಷಧಿಗಳಲ್ಲಿ ಈ ಒಂದು ಉತ್ತರವೇ ದೊಡ್ಡದಿತ್ತು ಅಂತ ನನಗೆ ಅನ್ನಿಸುತ್ತದೆ. ಪಥ್ಯವನ್ನೂ ಅಂದೇ ಬಿಡಿಸಿದೆ. ಮೊಟ್ಟೆ, ಶೇಂಗಾ ತಿನ್ನಿ, ಹೊರೆ ಹೊರುವ ಮೈಗೆ ಬೇಕು ಎಂದೆ. ಒಂದು ವಾರ ಹೆದರಿ ಹೆದರಿ ತಿಂದರು. ಏನೂ ಆಗಲಿಲ್ಲ.

ಔಷಧಿಯ ದಾರಿ ಉದ್ದವಾಗಿತ್ತು. ಮೊದಲು ಡೈಕ್ಲೋಫೆನಾಕ್ ನಿಲ್ಲಿಸಿದೆ. ಆಸ್ಪಿರಿನ್ ಜಾತಿಯ ನೋವಿನ ಮಾತ್ರೆಗಳು ಕೆಲವರಲ್ಲಿ ಪಿತ್ತಗಂಧೆಯನ್ನು ಕೆರಳಿಸುತ್ತವೆ. ನೋವಿಗೆ ಬೇಕಾದರೆ ಪ್ಯಾರಾಸಿಟಮಾಲ್. ನಂತರ ನಿದ್ದೆ ತರದ ಹೊಸ ಪೀಳಿಗೆಯ ಆ್ಯಂಟಿಹಿಸ್ಟಮಿನ್, ಬಿಲಾಸ್ಟಿನ್. ಹೆಗಲ ಮೇಲೆ ಚೀಲ ಹೊತ್ತು ಓರೆ ಹಲಗೆ ಹತ್ತುವವರಿಗೆ ತೂಕಡಿಕೆ ತರುವ ಹಳೇ ಮಾತ್ರೆ ಕೊಡುವುದು ಅಪಾಯ. ದಿನಕ್ಕೆ ಒಂದರಿಂದ ಶುರುಮಾಡಿ ನಾಲ್ಕರವರೆಗೆ ಏರಿಸಿದೆ. ಪಿತ್ತಗಂಧೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ನಾಲ್ಕು ಪಟ್ಟಿನವರೆಗೆ ಒಪ್ಪುತ್ತದೆ. ಆದರೆ ಇದು ವೈದ್ಯರ ಕಣ್ಣಳತೆಯಲ್ಲೇ ಆಗಬೇಕು. ತೊಡೆಯ ತುರಿಕೆ ಗಂಧೆ ಪೂರ್ತಿ ನಿಂತಿತು. ಹೆಗಲಿನ ಬಾವು ಸ್ವಲ್ಪ ಮಾತ್ರ ತಗ್ಗಿತು. ಮೇಲೆ ಹೇಳಿದ ಕತೆ ನೆನಪಿಸಿಕೊಂಡರೆ ಇದು ಆಶ್ಚರ್ಯ ಅಲ್ಲ. ಆ ಮಾತ್ರೆ ತಡೆಯುವುದು ಹಿಸ್ಟಮಿನ್ನನ್ನು. ಆರು ತಾಸಿನ ಮೇಲೆ ಬರುವ ಬಿಳಿಕಣಗಳನ್ನು ತಡೆಯಲು ಬೇರೆ ಔಷಧಿ ಬೇಕು.

ಆಸ್ತಮಾಕ್ಕೂ ಕೊಡುವ ಮಾಂಟೆಲುಕಾಸ್ಟ್ ಮಾತ್ರೆ 10 ಮಿಲಿಗ್ರಾಂ ರಾತ್ರಿಗೆ ಸೇರಿಸಿದೆ. ಕೆಟ್ಟ ಕನಸು, ಮನಸ್ಸಿನ ಏರುಪೇರು ಬಂದರೆ ತಕ್ಷಣ ತಿಳಿಸಿ ಎಂದಿದ್ದೆ. ಹಾಗೇನೂ ಆಗಲಿಲ್ಲ, ಲಾಭವೂ ಅಷ್ಟಕ್ಕಷ್ಟೇ. ಒಮಾಲಿಜುಮಾಬ್ ಎಂಬ ಚುಚ್ಚುಮದ್ದಿನ ಬಗ್ಗೆ ಹೇಳಿದೆ. ಐಜಿಇ ಎಂಬ ಪ್ರತಿಕಾಯವನ್ನು ಕಟ್ಟಿಹಾಕುವ ಔಷಧಿ ಅದು. ದೀರ್ಘಕಾಲದ ಪಿತ್ತಗಂಧೆಗೆ 2014ರಲ್ಲಿ ಅಮೆರಿಕ, ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತು. ಒತ್ತಡದ ಗಂಧೆಯಲ್ಲೂ ಎಷ್ಟೋ ಜನರಿಗೆ ಚೆನ್ನಾಗಿ ಕೆಲಸ ಮಾಡಿದೆ. ನಾಲ್ಕು ವಾರಕ್ಕೊಮ್ಮೆ 300 ಮಿಲಿಗ್ರಾಂ, ತಿಂಗಳುಗಟ್ಟಲೆ. ಬೆಲೆ ಕೇಳಿದಾಗ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅದನ್ನು ಅಲ್ಲಿಗೆ ಬಿಟ್ಟೆವು.

ಉಳಿದದ್ದು ಡ್ಯಾಪ್ಸೋನ್. ಅಗ್ಗದ, ಹಳೆಯ ಮಾತ್ರೆ. ನ್ಯೂಟ್ರೊಫಿಲ್‌ಗಳು ಒಂದು ಜಾಗದಲ್ಲಿ ಗುಂಪುಗೂಡಿ ಹಾನಿ ಮಾಡುವುದನ್ನು ತಗ್ಗಿಸುತ್ತದೆ. ಕೊಡುವ ಮೊದಲು ಜಿ6ಪಿಡಿ ಎಂಬ ಕಿಣ್ವ ಸರಿಯಿದೆಯೇ ನೋಡಲೇಬೇಕು. ಕಡಿಮೆ ಇದ್ದವರಿಗೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಇವರಿಗೆ ಸರಿಯಿತ್ತು. ಹಿಮೋಗ್ಲೋಬಿನ್ 13.1. ದಿನಕ್ಕೆ 50 ಮಿಲಿಗ್ರಾಂನಿಂದ ಶುರುಮಾಡಿದೆ. ತುಟಿ ನೀಲಿಯಾದರೆ, ಏದುಸಿರು ಬಂದರೆ, ಜ್ವರದ ಜೊತೆ ಮೈತುಂಬಾ ದದ್ದು ಎದ್ದರೆ ಮಾತ್ರೆ ನಿಲ್ಲಿಸಿ ಓಡಿ ಬನ್ನಿ ಎಂದು ಬರೆದುಕೊಟ್ಟೆ. ಈ ಮಾತ್ರೆ ಕುಷ್ಠರೋಗಕ್ಕೂ ಕೊಡುತ್ತಾರೆ, ನಿಮಗೆ ಕೊಡುತ್ತಿರುವುದು ಅದಕ್ಕಲ್ಲ ಎಂದೂ ಹೇಳಿದ್ದೆ.

ಆದರೂ ಆಗಬಾರದ್ದು ಆಯಿತು. ಔಷಧಿ ಅಂಗಡಿಯವರು ನಾಲ್ಕು ಜನರೆದುರು "ಇದು ಕುಷ್ಠದ ಗುಳಿಗೆ" ಅಂದುಬಿಟ್ಟರು. ಪಕ್ಕದಲ್ಲಿ ಯಾರ್ಡಿನವರೊಬ್ಬರು ನಿಂತಿದ್ದರು. ಮಾರನೇ ದಿನ ಕೆಲಸದಲ್ಲಿ ನೀರಿನ ಲೋಟ ಬೇರೆಯಾಯಿತು. ಇವರು ಮಾತ್ರೆ ಬಿಟ್ಟರು, ಆಸ್ಪತ್ರೆಗೆ ಬರುವುದನ್ನೂ ಬಿಟ್ಟರು. ಹೆಂಡತಿ ಒಬ್ಬರೇ ಬಂದು ಅತ್ತರು. ನಾನು ಗುಂಪಿನ ಮೇಸ್ತ್ರಿಯನ್ನು ಕರೆಸಿ, ರೋಗಿಯ ಒಪ್ಪಿಗೆ ಪಡೆದು, ಬಯಾಪ್ಸಿ ವರದಿ ಎದುರಿಗಿಟ್ಟು ಮಾತಾಡಿದೆ. ಡ್ಯಾಪ್ಸೋನ್ ಕೆಲಸ ಏನು, ಇಲ್ಲಿ ಯಾಕೆ ಕೊಟ್ಟಿದ್ದೇನೆ ಎಂದು ಹೇಳಿದೆ. ಕುಷ್ಠವೇ ಆಗಿದ್ದರೂ ಲೋಟ ಬೇರೆ ಮಾಡುವ ಅಗತ್ಯ ಇಲ್ಲ ಎಂದೂ ಹೇಳಿದೆ. ಅದು ಪೂರ್ತಿ ವಾಸಿಯಾಗುವ ಕಾಯಿಲೆ, ಔಷಧಿ ಶುರುವಾದ ಮೇಲೆ ಹರಡುವುದಿಲ್ಲ. ಮೇಸ್ತ್ರಿ ವಯಸ್ಸಾದವರು, ಸುಮ್ಮನೆ ಕೇಳಿಸಿಕೊಂಡರು. "ಅವನ ಲೋಟದಾಗೆ ನಾನೇ ಕುಡಿತೀನಿ ತಗಳ್ರಿ" ಎಂದು ಎದ್ದು ಹೋದರು. ಹಾಗೇ ಮಾಡಿದರಂತೆ.

ಮೇಸ್ತ್ರಿ ಬಂದದ್ದು ಇನ್ನೊಂದು ದೊಡ್ಡ ವಿಷಯಕ್ಕೂ ಅನುಕೂಲವಾಯಿತು. ಕೆಲಸ ಬಿಡಿ ಎಂದು ಹೇಳುವುದು ನನಗೆ ಸುಲಭ. ಬಿಟ್ಟರೆ ಮನೆ ನಡೆಯುವುದು ಹೇಗೆ? ಚರ್ಮಕ್ಕೆ ತಾಗುವುದು ತೂಕ ಒಂದೇ ಅಲ್ಲ, ತೂಕ ಎಷ್ಟು ಅಗಲಕ್ಕೆ ಹರಡಿದೆ, ಎಷ್ಟು ಹೊತ್ತು ಕೂತಿದೆ ಅನ್ನುವುದೂ ಮುಖ್ಯ. ಅಗಲ ಹೆಚ್ಚಿಸಬಹುದು, ಹೊತ್ತು ಕಡಿಮೆ ಮಾಡಬಹುದು. ಹೆಗಲಿಗೆ ಸುತ್ತಿ ಹಾಕುತ್ತಿದ್ದ ಟವೆಲ್ ಹಗ್ಗದ ಹಾಗೆ ಸಣ್ಣಗಾಗಿ ಇನ್ನೂ ಜಾಸ್ತಿ ಒತ್ತುತ್ತಿತ್ತು. ಅದರ ಬದಲು ಚಳ್ಳಕೆರೆಯ ಆ ಕಂಬಳಿಯನ್ನೇ ಮಡಿಸಿ, ಕತ್ತಿನಿಂದ ತೋಳಿನ ತನಕ ಬರುವ ಹಾಗೆ ದಪ್ಪ ಮೆತ್ತೆ ಹೊಲಿಸಿದರು. ಕೊಕ್ಕೆಯ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರು. ತೆಳು ಹವಾಯಿ ಚಪ್ಪಲಿ ಹೋಗಿ ದಪ್ಪ ಅಟ್ಟೆಯ ಬೂಟು ಬಂತು. ಉಡಿದಾರ ಸಡಿಲ ಮಾಡಿದರು, ಪೂರ್ತಿ ತೆಗೆಯಲು ತಾಯಿ ಒಪ್ಪಲಿಲ್ಲ. ಅಷ್ಟು ಸಾಕಾಯಿತು.

ಮೇಸ್ತ್ರಿ ಒಂದು ಹೆಜ್ಜೆ ಮುಂದೆ ಹೋದರು. ದಿನದ ಅರ್ಧ ಹೊತ್ತು ಇವರನ್ನು ತೂಕದ ಕಟ್ಟೆಗೆ, ಚೀಲದ ಬಾಯಿ ಹೊಲಿಯುವುದಕ್ಕೆ ಹಾಕಿದರು. ಹೊರೆ ಹೊರುವ ಪಾಳಿಯನ್ನು ತುಂಡು ತುಂಡು ಮಾಡಿದರು. ಕೂಲಿ ಗುಂಪಿಗೆ ಸೇರಿ ಹಂಚಿಕೆಯಾಗುತ್ತಿದ್ದರಿಂದ ಇದು ಸಾಧ್ಯವಾಯಿತು. ವಯಸ್ಕ ಗಂಡಸೊಬ್ಬ ಯಂತ್ರದ ನೆರವಿಲ್ಲದೆ ಹೊರುವ ಭಾರ 55 ಕೆಜಿ ದಾಟಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ನಮ್ಮ ಮಾರುಕಟ್ಟೆಗಳಲ್ಲಿ ಅದಕ್ಕಿಂತ ಭಾರದ ಚೀಲ ಈಗಲೂ ಹೆಗಲೇರುತ್ತದೆ. ಕಾಯಿಲೆ ಇರುವವರಿಗಷ್ಟೇ ಅಲ್ಲ, ಯಾರ ಹೆಗಲಿಗೂ ಅದು ಸರಿಯಲ್ಲ. ಇದನ್ನು ವೈದ್ಯಳಾಗಿ ಹೇಳುತ್ತಿದ್ದೇನೆ.

ಡ್ಯಾಪ್ಸೋನ್ ಮತ್ತೆ ಶುರುವಾಗಿ, ದಿನಕ್ಕೆ 100 ಮಿಲಿಗ್ರಾಂಗೆ ಏರಿತು. ಹಿಮೋಗ್ಲೋಬಿನ್ 11.9ಕ್ಕೆ ಇಳಿದು ಅಲ್ಲೇ ನಿಂತಿತು. ಐದಾರು ವಾರದಲ್ಲಿ ನೋಟ್‌ಬುಕ್ಕಿನಲ್ಲಿ ಬಾವಿನ ಸಾಲುಗಳು ವಿರಳವಾದವು. ಬಂದರೂ ಮಾರನೇ ದಿನಕ್ಕೆ ಇಳಿಯುತ್ತಿತ್ತು. ರಾತ್ರಿಯ ಚಳಿ ನಿಂತಿತು. ಸಿಆರ್‌ಪಿ 4ಕ್ಕೆ ಬಂತು. ಮಾಂಟೆಲುಕಾಸ್ಟ್ ನಿಲ್ಲಿಸಿದೆ. ಅಂಗಡಿಯಿಂದ ಸ್ಟೆರಾಯ್ಡ್ ತರುವುದು ತಾನಾಗೇ ನಿಂತಿತು. ಅದೃಷ್ಟಕ್ಕೆ ಸಕ್ಕರೆ, ಬಿಪಿ ಏರಿರಲಿಲ್ಲ.

ಮುಂದಿನ ವರ್ಷದ ಮೆಕ್ಕೆಜೋಳದ ಸೀಸನ್ ನಿಜವಾದ ಪರೀಕ್ಷೆಯಾಗಿತ್ತು. ಆ ಮೂರು ತಿಂಗಳಲ್ಲಿ ಬಾವಿನಿಂದ ಕೆಲಸ ತಪ್ಪಿದ್ದು ನಾಲ್ಕು ದಿನ. ಅದರಲ್ಲಿ ಎರಡು ದಿನ, ಮದುವೆಯೊಂದಕ್ಕೆ ಹೋಗಿ ಬಸ್ಸಿನಲ್ಲಿ ಸೀಟು ಸಿಗದೆ ಹೊಸ ಬಿಗಿ ಚಪ್ಪಲಿಯಲ್ಲಿ ಚಿತ್ರದುರ್ಗದಿಂದ ನಿಂತುಕೊಂಡೇ ಬಂದದ್ದಕ್ಕೆ. ಕಾರಣ ಅವರೇ ಹೇಳಿದರು, ನಾನು ಕೇಳುವ ಮೊದಲೇ. ಸಂಕ್ರಾಂತಿ ಕಳೆದ ಮೇಲೆ ಡ್ಯಾಪ್ಸೋನ್ 50ಕ್ಕೆ ಇಳಿಸಿದ್ದೇನೆ. ಯುಗಾದಿಯ ಹೊತ್ತಿಗೆ ನಿಲ್ಲಿಸುವ ಯೋಚನೆ ಇದೆ. ಬಿಲಾಸ್ಟಿನ್ ದಿನಕ್ಕೆ ಎರಡು ಮುಂದುವರಿದಿದೆ. ಈ ಕಾಯಿಲೆ ವರ್ಷಗಟ್ಟಲೆ ಇರಬಹುದು, ಆಮೇಲೆ ತಾನಾಗೇ ಸಡಿಲವಾಗಬಹುದು ಎಂದು ಇಬ್ಬರಿಗೂ ಹೇಳಿದ್ದೇನೆ. ಡ್ಯಾಪ್ಸೋನ್ ನಿಲ್ಲಿಸಿದ ಮೇಲೆ ಬಾವು ಮರಳಿದರೆ ಒಮಾಲಿಜುಮಾಬ್‌ಗೆ ನೆರವು ಸಿಗುವ ದಾರಿ ಹುಡುಕಬೇಕು. ಅದಕ್ಕೆ ಬೇಕಾದ ಕಾಗದಪತ್ರ, ವರದಿ, ಫೋಟೊಗಳನ್ನು ಈಗಲೇ ಒಂದು ಫೈಲಿನಲ್ಲಿ ಸೇರಿಸಿ ಅವರ ಕೈಗೆ ಕೊಟ್ಟಿದ್ದೇನೆ.